ಒಬ್ಬನೇ ಸಾಕು ಅನ್ನುವ ಕ್ರೇನು

ನಮ್ಮ ಮನೆಗೆ ಬರುವ ಯಾವ ವಸ್ತುವೂ ತಾನು ಬಂದ ಕೆಲಸ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲಾ ಮಾಡುತ್ತದೆ. ಹೊಟ್ಟೆ ಕರಗಲಿ ಅಂತ ತಂದ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಟವೆಲ್ಲುಗಳು ಒಣಗುತ್ತವೆ. ಹೊಲಿಗೆ ಮಿಷಿನ್ನಿನ ಮೇಲೆ ಟೀವಿ ಕೂತಿದೆ. ಚಪಾತಿ ಮಾಡುವ ಕರೆಂಟ್ ಹೆಂಚಿನ ಪೆಟ್ಟಿಗೆಯಲ್ಲಿ ಕೋಳಿ ಮೂರು ಸಲ ಮರಿ ಮಾಡಿದೆ. ಇಂಥವು ನಡೆಯುತ್ತಲೇ ಇರುತ್ತವೆ, ನಾವೂ ನಕ್ಕು ಸುಮ್ಮನಾಗುತ್ತೇವೆ. ಆದರೆ ಹೋದ ವರ್ಷ ಎಂಜಿನ್ ಎತ್ತುವ ಮಡಚುವ ಕ್ರೇನು ಒಂದನ್ನು ತಂದೆ. ಅದರ ಕತೆ ಹೇಳಿದರೆ ಕೇಳಿದವರೆಲ್ಲಾ ನಗುತ್ತಾರೆ. ನನಗೆ ಮಾತ್ರ ಪೂರ್ತಿ ನಗು ಬರುವುದಿಲ್ಲ, ಯಾಕೆಂದರೆ ಆ ಕ್ರೇನಿನಿಂದಾಗಿ ನಮ್ಮ ಮೆಕ್ಯಾನಿಕ್ ಮಾವ ಒಂದು ತಿಂಗಳು ನಮ್ಮ ಹೊಸಲು ತುಳಿಯಲಿಲ್ಲ.

ಮೆಕ್ಯಾನಿಕ್ ಮಾವ ಸಂಬಂಧದಲ್ಲಿ ಮಾವ ಅಲ್ಲ, ನಮ್ಮಪ್ಪನ ಗೆಳೆಯ. ಎದುರಿಗೆ ಬಂದರೆ ಅರ್ಧ ಬೀದಿ ಮುಚ್ಚುವ ಆಳು. ಪಕ್ಕದ ಕೆಲಮಂಗಲದಲ್ಲಿ ಗಾಡಿ ರಿಪೇರಿ ಶೆಡ್ ಇಟ್ಟುಕೊಂಡಿದ್ದ, ಮಂಡಿ ನೋವು ಬಂದ ಮೇಲೆ ಮುಚ್ಚಿ ನಮ್ಮೂರಿನ ಮನೆಯಲ್ಲೇ ಇದ್ದಾನೆ, ನಮ್ಮಿಂದ ಎರಡು ಬೀದಿ ಆಚೆ. ಅಪ್ಪ ಮಾರ್ಕೆಟ್ಟಿಗೆ ಟೊಮ್ಯಾಟೊ ಹೊಡೆಯುತ್ತಿದ್ದ ಜೀಪಿನ ಎಂಜಿನ್ನನ್ನು ಅವನು ಮೂರು ಸಲ ಇಳಿಸಿ ಹತ್ತಿಸಿದ್ದಾನೆ. ನಮ್ಮ ಮನೆ ಮುಂದಿನ ಹುಣಸೆಮರದ ಕೊಂಬೆಗೆ ತನ್ನ ಚೈನ್ ಬ್ಲಾಕ್, ಅಂದರೆ ಸರಪಳಿ ರಾಟೆ, ನೇತುಹಾಕಿ, ಸರಪಳಿ ಎಳೆದೆಳೆದು ಎತ್ತುವುದು ಅವನ ಕಾಲದ ಪದ್ಧತಿ. ಆ ಕೊಂಬೆಯ ಮೇಲೆ ಸರಪಳಿಯ ಗಾಯ ಈಗಲೂ ಇದೆ. ಅವನನ್ನು ನಾನು ಏಕವಚನದಲ್ಲೇ ಮಾತಾಡಿಸುವುದು. ಗೌರವ ಇಲ್ಲ ಅಂತಲ್ಲ, ಎತ್ತಿ ಆಡಿಸಿದವನಿಗೆ ಬಹುವಚನ ಬಾಯಿಗೆ ಬರುವುದಿಲ್ಲ.

ಆರಿಸಿದ ಚಂದ

ಅಪ್ಪ ಹೋದ ಮೇಲೆ ಜೀಪು ಹುಣಸೆಮರದ ಕೆಳಗೆ ನಿಂತುಬಿಟ್ಟಿತು. ಎಂಜಿನ್ ಇಳಿಸಿ ಕೆಲಸ ಮಾಡಬೇಕು, ನಾನೇ ಮಾಡಬೇಕು ಅಂತ ಹಟ ಹುಟ್ಟಿತು. ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸದವನು. ತಯಾರಾದ ಮಾಲನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ವಾಪಸ್ ಕಳಿಸುವುದು ನನ್ನ ಉದ್ಯೋಗ. ಅಂಥವನು ಮರಕ್ಕೆ ಎಂಜಿನ್ ನೇತುಹಾಕುವುದೇ ಅಂತ ಒಳಗೊಳಗೇ ನಾಚಿಕೆ. ಮಾವನನ್ನು ಕೇಳುವ ಬದಲು ಫೋನಿನಲ್ಲಿ ವಿಡಿಯೋ ನೋಡಿದೆ. ಬಸ್ಸಿನಲ್ಲಿ ನೋಡಿದೆ, ಊಟದ ಹೊತ್ತಿನಲ್ಲಿ ನೋಡಿದೆ. ಹದಿನೈದು ದಿನದಲ್ಲಿ ಒಂದು ನಟ್ಟೂ ಬಿಚ್ಚದೆ ದೊಡ್ಡ ಮೆಕ್ಯಾನಿಕ್ ಆದೆ.

ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ತಂದು ಎಲ್ಲಿ ಇಡ್ತೀರಾ?"

"ಮಡಚೋದು ತತ್ತೀನಿ. ಬೀರು ಪಕ್ಕದಲ್ಲಿ ನಿಂತ್ಕೊತದೆ."

ಹೊಸೂರಿನ ಅಂಗಡಿಯಲ್ಲಿ ನಾಲ್ಕು ಬಗೆ ಇದ್ದವು. ಮೊದಲನೆಯದು ಗ್ಯಾರೇಜಿಗೆ ಆಗುವಂಥದ್ದು, ಮಡಚುವುದಿಲ್ಲ. ಎರಡನೆಯದು ಮಡಚುತ್ತದೆ, ಆದರೆ ಕಾಲುಗಳು ಉದ್ದ, ಬೀರು ಪಕ್ಕ ನಿಲ್ಲುವುದಿಲ್ಲ. ಮೂರನೆಯದರ ಬೆಲೆ ಕೇಳಿ ಅದರ ಕಡೆ ಬೆನ್ನು ಮಾಡಿದೆ. ನಾಲ್ಕನೆಯದು ಕೆಂಪು ಬಣ್ಣದ್ದು, ಕುಳ್ಳಗಾಲಿನದು, ಎಲ್ಲಕ್ಕಿಂತ ಅಗ್ಗ. ಅಂಗಡಿಯವನು ಜಾಕಿಯ ಹಿಡಿ ಒತ್ತಿ ಬರೀ ಕೊಕ್ಕೆಯನ್ನು ಮೇಲೆತ್ತಿ ತೋರಿಸಿದ. "ರೆಂಡು ಟನ್ ತೂಕ್ಕುಂ ಸಾರ್. ಒರುತ್ತರ್ ಪೋದುಂ" ಅಂದ. ಎರಡು ಟನ್ ಎತ್ತುತ್ತದಂತೆ, ಒಬ್ಬರೇ ಸಾಕಂತೆ. ಎಂಜಿನ್ ಯಾವ ಗಾಡಿಯದು, ಮುಂಭಾಗ ಎಷ್ಟು ಎತ್ತರ ಇದೆ ಅಂತ ಪಾಪ ಅವನು ಕೇಳಿದ. "ನಾನು ಫ್ಯಾಕ್ಟರಿಯೋನೇ ಕಣಪ್ಪಾ" ಅಂತ ಬಾಯಿ ಮುಚ್ಚಿಸಿದೆ.

ಕ್ರೇನಿನ ತೋಳನ್ನು ಎಳೆದು ಉದ್ದ ಮಾಡಬಹುದು, ಅದರ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿದ್ದರು. ತೋಳು ಒಳಗಿದ್ದರೆ ಎರಡು ಟನ್, ಒಂದೊಂದು ತೂತು ಹೊರಗೆ ಎಳೆದಂತೆ ಕಡಿಮೆ ಆಗುತ್ತಾ ಕೊನೆಯ ತೂತಿಗೆ ಅರ್ಧ ಟನ್ ಅಂತ. ನಾನು ಅದನ್ನು ಆಗ ಓದಲಿಲ್ಲ, ಉಗುರಿನಲ್ಲಿ ಕೆರೆದು ಬಣ್ಣ ನೋಡಿದೆ. ಆಮೇಲೆ ಟೇಪು ತೆಗೆದು ಮಡಚಿದ ಕ್ರೇನಿನ ಅಗಲವನ್ನು ಮೂರು ಸಲ ಅಳೆದೆ. ಬೀರಿಗೂ ಗೋಡೆಗೂ ನಡುವೆ ಕರೆಕ್ಟಾಗಿ ಕೂರುತ್ತಿತ್ತು. ಮಡಚಿದರೆ ಎಲ್ಲಿ ನಿಲ್ಲುತ್ತದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಅಳೆದವನು, ಬಿಚ್ಚಿದರೆ ಜೀಪಿನ ಕೆಳಗೆ ಹೋಗುತ್ತದಾ ಅಂತ ಅಳೆಯಲೇ ಇಲ್ಲ.

ಆರು ನಿಂಬೆಹಣ್ಣು

ಕ್ರೇನು ಗೂಡ್ಸ್ ಆಟೋದಲ್ಲಿ ಬಂದಿದ್ದು ಆಯುಧಪೂಜೆಯ ಹಿಂದಿನ ದಿನ. ಮಾರನೆಯ ದಿನ ಬೆಳಿಗ್ಗೆ ಹೆಂಡತಿ ಜೀಪಿನ ಜೊತೆ ಅದಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ಕೊಕ್ಕೆ ಖಾಲಿ ಇರಬಾರದು ಅಂತ ಅದಕ್ಕೆ ಹಗ್ಗ ಕಟ್ಟಿ ಒಂದು ಬೂದುಗುಂಬಳ ನೇತುಹಾಕಿದಳು. ಎರಡು ಟನ್ನಿನ ಕ್ರೇನು ಎತ್ತಿದ ಮೊದಲ ಭಾರ ಅದೇ.

ಗಾಡಿಗೆ ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು. ಕ್ರೇನಿಗೆ ಆರು ಗಾಲಿ, ಅಂಗೈಯಗಲದವು. ಹೆಂಡತಿ ಒಂದೊಂದರ ಮುಂದೆಯೂ ಒಂದೊಂದು ನಿಂಬೆಹಣ್ಣು ಇಟ್ಟಳು. ನಾನು ಹಿಂದಿನಿಂದ ತಳ್ಳಿದೆ. ಜಗ್ಗಲಿಲ್ಲ. ಭುಜ ಕೊಟ್ಟು ತಳ್ಳಿದೆ. ಎರಡು ಗಾಲಿ ನಿಂಬೆಹಣ್ಣು ಹತ್ತಿ ನಿಂತವು, ಮೂರು ಗಾಲಿ ಪಕ್ಕಕ್ಕೆ ತಿರುಗಿದವು, ಒಂದು ಮಣ್ಣಿನಲ್ಲಿ ಹೂತುಕೊಂಡಿತು. ಒಂದು ಹಣ್ಣೂ ಒಡೆಯಲಿಲ್ಲ.

ಅದೇ ಹೊತ್ತಿಗೆ ಮಾವ ಬಂದ. ಪ್ರತಿ ಆಯುಧಪೂಜೆಗೂ ಬಂದು ಜೀಪಿನ ಮುಂದೆ ಕುಂಬಳಕಾಯಿ ಒಡೆಯುವುದು ಅವನೇ. ಅಪ್ಪ ಇದ್ದಾಗಿನಿಂದ ನಡೆದುಕೊಂಡು ಬಂದಿದ್ದು. ಒಗೆದ ಬಿಳಿ ಪಂಚೆ, ಹಣೆಗೆ ವಿಭೂತಿ. ಕ್ರೇನನ್ನು ಮೇಲಿಂದ ಕೆಳಗೆ ನೋಡಿದ.

"ಇದೇನ್ಲಾ ಇದು?"

"ಎಂಜಿನ್ ಎತ್ತೋದು ಮಾವ. ಜೀಪಿಂದು ಇಳಿಸ್ಬೇಕು."

"ಎತ್ತೋರ್ ಯಾರು?"

ಆಗ ನಾನು ಆ ಮಾತು ಆಡಿದೆ. ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. "ನಾನೇ ಮಾವ. ಒಬ್ಬನೇ ಸಾಕಂತೆ. ಇನ್ಯಾರೂ ಬೇಕಾಗಿಲ್ಲ" ಅಂದೆ. ಅಂಗಡಿಯವನ ಮಾತನ್ನು ಅವನ ದನಿಯಲ್ಲೇ ಒಪ್ಪಿಸಿದ್ದೆ, ಅಷ್ಟೆ. ಆದರೆ ಮೂರು ಸಲ ಅದೇ ಎಂಜಿನ್ ಎತ್ತಿದವನ ಮುಖಕ್ಕೆ ಅದು ಹೇಗೆ ತಾಗಿತು ಅಂತ ನೋಡಲೂ ಇಲ್ಲ, ನನ್ನ ಕಣ್ಣು ಗಾಲಿಯ ಮೇಲಿತ್ತು.

ಮಾವ ಪಂಚೆ ಎತ್ತಿ ಕಟ್ಟಿಕೊಂಡ. ಆಮೇಲೆ ಮೆಲ್ಲಗೆ, "ಆಗ್ಲಿ ಕಣ್ಲಾ. ಮೊದ್ಲು ನಿಂಬೆಹಣ್ಣು ದಾಟ್ಸು" ಅಂದು ತಿರುಗಿ ಹೊರಟೇಬಿಟ್ಟ. ಆ ವರ್ಷ ಕುಂಬಳಕಾಯಿ ನಾನೇ ಒಡೆಯಲು ಹೋದೆ. ಅದು ಎರಡು ಹೋಳಾಗುವ ಬದಲು ಉರುಳಿಕೊಂಡು ಮೋರಿಗೆ ಹೋಯಿತು.

ಎದುರುಮನೆ ಹಸು

ಜೀಪಿನ ಕೆಲಸ ಶುರುಮಾಡುವ ಮೊದಲೇ ಎದುರುಮನೆಯವರ ಹಸು ಕರು ಹಾಕಿ ಮೇಲೇಳದೆ ಮಲಗಿತು. ಹೊಟ್ಟೆ ಕೆಳಗೆ ಗೋಣಿಯ ಪಟ್ಟಿ ಕಟ್ಟಿ ದಿನಾ ಸ್ವಲ್ಪ ಹೊತ್ತು ಎತ್ತಿ ನಿಲ್ಲಿಸಿ ಅಂತ ದನದ ಡಾಕ್ಟರು ಹೇಳಿ ಹೋದರು. ಎದುರುಮನೆಯಾತ ಸೀದಾ ನಮ್ಮ ಮನೆಗೆ ಬಂದ. "ಅಣ್ಣಾ, ನಿಮ್ ಮಿಷಿನ್ ಒಂದ್ ಗಳಿಗೆ ಕೊಡಿ" ಅಂದ.

ಇಲ್ಲ ಅನ್ನುವುದು ಹೇಗೆ? ಕ್ರೇನನ್ನು ನಾಲ್ಕು ಜನ ಹೊತ್ತುಕೊಂಡು ಹೋದೆವು, ಮಣ್ಣಿನ ಮೇಲೆ ಅದು ಉರುಳುವುದಿಲ್ಲ ಅನ್ನುವುದು ಅಷ್ಟರಲ್ಲಿ ಊರಿಗೇ ಗೊತ್ತಾಗಿತ್ತು. ಗೋಣಿ ಕಟ್ಟಿ ಜಾಕಿ ಒತ್ತಿದೆ. ಹಸು ಎದ್ದು ನಿಂತಿತು. ಎದುರುಮನೆಯಾತನ ಕಣ್ಣಲ್ಲಿ ನೀರು. ನನಗೂ ಎದೆ ಉಬ್ಬಿತು.

ಹಸುವಿಗೆ ಅದು ಹಿಡಿಸಿಬಿಟ್ಟಿತು. ನಾಲ್ಕನೆಯ ದಿನಕ್ಕೆ ಕಾಲಲ್ಲಿ ಪೂರ್ತಿ ಬಲ ಬಂದಿದ್ದರೂ ಗೋಣಿ ಬಿಚ್ಚಿದ ಕೂಡಲೇ ಮಲಗುತ್ತಿತ್ತು. ಕಟ್ಟಿ ಎತ್ತಿದರೆ ಎದ್ದು, ಭಾರವೆಲ್ಲಾ ಕ್ರೇನಿನ ಮೇಲೆ ಬಿಟ್ಟು, ಆರಾಮಾಗಿ ಮೆಲುಕು ಹಾಕುತ್ತಿತ್ತು. ಇತ್ತ ಜಾಕಿಯ ಎಣ್ಣೆ ಜಿನುಗಲು ಶುರುವಾಯಿತು. ಬೆಳಿಗ್ಗೆ ನಿಲ್ಲಿಸಿದ ಹಸು ಯಾರೂ ಮುಟ್ಟದಿದ್ದರೂ ನಿಧಾನವಾಗಿ ಇಳಿದು ಇಳಿದು ಸಾಯಂಕಾಲಕ್ಕೆ ನೆಲಕ್ಕೆ ಬಂದಿರುತ್ತಿತ್ತು. ಭಾರ ಇಳಿಸಲು ಸಡಿಲ ಮಾಡುವ ಒಂದು ತಿರುಪು ಜಾಕಿಯ ಬುಡದಲ್ಲಿರುತ್ತದೆ. ಅದೇ ಸರಿಯಾಗಿ ಕೂತಿಲ್ಲ ಅಂತ ಉದ್ದದ ಪೈಪು ಹಾಕಿ, ಮೈಯ ಬಲವನ್ನೆಲ್ಲಾ ಬಿಟ್ಟು ಬಿಗಿದೆ. ಎಣ್ಣೆ ನಿಂತಿತು. ಮುಂದೆ ಅದು ನನಗೇ ತಿರುಗಿಬೀಳುತ್ತದೆ ಅಂತ ತಿಳಿಯಲಿಲ್ಲ.

ಎಂಟನೆಯ ದಿನ ಕ್ರೇನು ತರಲು ಹೋದೆ. ಎದುರುಮನೆಯ ಅಜ್ಜಿ ಜಗುಲಿಯ ಮೇಲೆ ಕಾಲು ನೀವಿಕೊಳ್ಳುತ್ತಾ ಕೂತಿತ್ತು. "ಹಸೂಂದು ಆಯ್ತಲ್ಲಪ್ಪ. ತಗೊಂಡೋಗೋ ಮುಂಚೆ ನನ್ನೂ ಒಂದ್ಸಲ ಎತ್ತಿ ನಿಲ್ಸಿಬುಡು" ಅಂದಿತು.

ಗುಜರಿ ಅಂಗಡಿಯಲ್ಲಿ

ದೀಪಾವಳಿ ಕಳೆದ ಮೇಲೆ ಜೀಪಿನ ಹಿಂದಿನ ಎರಡು ಚಕ್ರ ಬಿಚ್ಚಿ, ಜೀಪನ್ನು ಕಲ್ಲುಗಳ ಮೇಲೆ ಕೂರಿಸಿ, ಚಕ್ರಗಳನ್ನು ಕೆಲಮಂಗಲದ ಪಂಚರ್ ಅಂಗಡಿಗೆ ಕೊಡಲು ಹೋದೆ. ಪಕ್ಕದಲ್ಲೇ ಗುಜರಿ ಅಂಗಡಿ. ಅಲ್ಲಿ ತೊಲೆಗೆ ಒಂದು ಚೈನ್ ಬ್ಲಾಕ್ ನೇತಾಡುತ್ತಿತ್ತು. ಕೊಕ್ಕೆಗೆ ಹಸಿರು ಬಣ್ಣ. ಆ ಬಣ್ಣ ನಮ್ಮ ಮನೆಯ ಕಿಟಕಿಗೆ ಹೊಡೆದು ಮಿಕ್ಕಿದ್ದು, ಅಪ್ಪನೇ ಕೊಟ್ಟಿದ್ದ.

"ಇದು ಮೆಕ್ಯಾನಿಕ್ ಮಾವಂದಲ್ವಾ?" ಅಂದೆ.

"ಅವ್ರುದೇ. ನಮ್ಮೂರಿಗೆ ಮಿಷಿನ್ ಬಂದೈತೆ, ಇನ್ನಿದು ಯಾತಕ್ಕೆ ಅಂತ ಹಾಕ್ಬುಟ್ಟು ಹೋದ್ರು."

ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಆ ಚೈನ್ ಬ್ಲಾಕನ್ನು ಬಿಡಿಸಿಕೊಂಡು ಹೋಗಿ ಅವನ ಕೈಗೆ ಕೊಟ್ಟುಬಿಡೋಣ ಅನ್ನಿಸಿತು. "ನನಗೆ ಕೊಡಿ" ಅಂತ ಕೇಳಿದೆ.

ಗುಜರಿಯವನು ತಲೆ ಆಡಿಸಿದ. "ಇಲ್ಲ ಸಾರ್, ಇದು ಮಾಲಲ್ಲ, ನಾನೇ ಸಾಮಾನು ಎತ್ತೋಕೆ ಇಟ್ಕೊಂಡಿದ್ದೀನಿ. ಒಂದ್ ಚೂರೂ ಜಾರಲ್ಲ. ನಿಮ್ಮೂರಲ್ಲಿ ಆ ಕೆಂಪು ಮಿಷಿನ್ ತಂದಿರೋರು ಗೊತ್ತಿದ್ರೆ ಹೇಳಿ, ಅವ್ರು ಸುಸ್ತಾದ್ಮೇಲೆ ಅದನ್ನ ತೂಕಕ್ಕೆ ಹಾಕ್ಕೊತೀನಿ."

ಗೊತ್ತಿಲ್ಲ ಅಂತ ಹೇಳಿ ಬಸ್ಸು ಹತ್ತಿದೆ.

ಇಳಿಸೋಕೆ ಊರು

ಮುಂದಿನ ಭಾನುವಾರ ಎಂಜಿನ್ ಎತ್ತುವುದೇ ಅಂತ ನಿಂತೆ. ಮೊದಲು ಮಾವನ ಮನೆಗೆ ಹೋಗಿ ಕರೆಯಬೇಕಿತ್ತು. ಚಪ್ಪಲಿ ಮೆಟ್ಟಿ ಬೀದಿ ತಿರುವಿನವರೆಗೆ ಹೋಗಿದ್ದೆ ಕೂಡ. ಏನಂತ ಶುರುಮಾಡುವುದು ತಿಳಿಯದೆ ವಾಪಸ್ ಬಂದೆ. ಎಂಜಿನ್ ಇಳಿಸಿ, ಕೆಲಸ ಮುಗಿಸಿ, ಜೀಪು ಓಡಿಸಿಕೊಂಡೇ ಅವನ ಮನೆ ಮುಂದೆ ಹೋಗಿ ನಿಲ್ಲೋಣ, ಆಗ ಮಾತು ತಾನಾಗಿ ಬರುತ್ತದೆ ಅಂತ ಲೆಕ್ಕ ಹಾಕಿದೆ.

ಹಲಗೆ ಹಾಸಿ ಕ್ರೇನನ್ನು ಜೀಪಿನ ಮುಂದಕ್ಕೆ ತಂದೆ. ಕುಳ್ಳಗಾಲುಗಳು ಬಂಪರ್ ಕೆಳಗೆ ಅರ್ಧ ಹೋಗಿ ಆಕ್ಸಲ್ಲಿಗೆ ತಾಗಿ ನಿಂತವು. ಕೊಕ್ಕೆ ಎಂಜಿನ್ನಿನ ನೇರಕ್ಕೆ ಬರಲಿಲ್ಲ. ತೋಳನ್ನು ಒಂದು ತೂತು ಎಳೆದೆ, ಸಾಲಲಿಲ್ಲ. ಇನ್ನೊಂದು ಎಳೆದೆ. ಕೊನೆಯ ತೂತಿಗೆ ಹಾಕಿದಾಗ ಸರಿಹೋಯಿತು. ಸರಪಳಿ ಬಿಗಿದು ಜಾಕಿ ಒತ್ತಿದೆ. ಎಂಜಿನ್ ಮೆಲ್ಲಗೆ ಜಾಗ ಬಿಟ್ಟು ಒಂದು ಗೇಣು ಮೇಲೆದ್ದಿತು. ಒಬ್ಬನೇ ಎತ್ತಿದೆ ನೋಡಿ. ಆ ಸಂತೋಷ ಎರಡು ಉಸಿರಿನಷ್ಟು ಹೊತ್ತು ಇತ್ತು.

ಆಮೇಲೆ ಭಾರ ಕುಳ್ಳಗಾಲುಗಳಿಂದಾಚೆ ಬಿದ್ದು ಕ್ರೇನಿನ ಹಿಂದಿನ ಗಾಲಿಗಳು ನೆಲ ಬಿಟ್ಟವು. ನಾನು ಹಾರಿ ಅದರ ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಕೂತೆ. ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. ಹೆಂಡತಿಯನ್ನು ಕೂಗಿದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಹೊಸದಾಗಿ ಮದುವೆಯಾದವರನ್ನು ಕೂರಿಸಿದಂತೆ ಇಬ್ಬರೂ ಅಂಟಿಕೊಂಡು ಕೂತೆವು. ಗಾಲಿಗಳು ನೆಲಕ್ಕೆ ತಾಗಿಯೂ ತಾಗದಂತೆ ಆಡುತ್ತಿದ್ದವು.

"ಇಳಿಸಿ ಅದನ್ನ" ಅಂದಳು.

ಕೈ ಚಾಚಿ ತಿರುಪು ತಿರುಗಿಸಲು ನೋಡಿದೆ. ಹಸುವಿನ ಕಾಲದಲ್ಲಿ ಪೈಪು ಹಾಕಿ ಬಿಗಿದಿದ್ದೆನಲ್ಲ, ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಪೈಪು ಹಾಕಿದರೆ ತಟ್ಟನೆ ಬಿಟ್ಟುಕೊಂಡು ಎಂಜಿನ್ ಜೀಪಿನ ಮೇಲೇ ಬೀಳಬಹುದಿತ್ತು.

"ಹಂಗಾದ್ರೆ ಜೀಪ್ ಹಿಂದಕ್ಕೆ ತಳ್ಳಿಸಿ."

"ಹಿಂದಿನ ಚಕ್ರ ಕೆಲಮಂಗಲದಲ್ಲಿದೆ."

ಅವಳು ನನ್ನ ಮುಖವನ್ನು ಒಂದು ಸಲ ನೋಡಿ ಬೇರೆ ಕಡೆ ತಿರುಗಿಕೊಂಡಳು. ಅಷ್ಟರಲ್ಲಿ ಬೀದಿಯವರು ಸೇರಿದರು. ನಮ್ಮದು ಗಡಿ ಸೀಮೆ, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಲಹೆ ಬಂತು. ಮೂರರಲ್ಲೂ ಅರ್ಥ ಒಂದೇ, ಇಂಥದ್ದನ್ನು ಯಾಕೆ ತಂದೆ ಅಂತ. ಹೆಂಡತಿ ಕೂತಲ್ಲಿಂದಲೇ, "ಆ ಅಂಗಡಿಯೋರಿಗೆ ಫೋನ್ ಮಾಡಿ ಹೇಳಿ. ಎತ್ತೋಕೆ ಒಬ್ರು ಸಾಕು, ಇಳಿಸೋಕೆ ಊರೇ ಬೇಕು ಅಂತ" ಅಂದಳು.

ಜನ ಪಕ್ಕಕ್ಕೆ ಸರಿದರು. ಮಾವ ಬರುತ್ತಿದ್ದ. ಮಿಲ್ಲಿಂದ ರಾಗಿ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದವನು, ಹೆಗಲ ಮೇಲೆ ಹಿಟ್ಟಿನ ಡಬ್ಬ. ಡಬ್ಬ ಕೆಳಗಿಟ್ಟ. ಎಂಜಿನ್ ನೋಡಿದ, ತೋಳು ನೋಡಿದ, ಕೈ ಸನ್ನೆ ಮಾಡಿ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಎಬ್ಬಿಸುತ್ತಾ ಆ ಜಾಗದಲ್ಲಿ ತಾನು ಕೂತ. ಗಾಲಿಗಳು ದಪ್ ಅಂತ ನೆಲಕ್ಕೆ ಕೂತವು. ಎಂಜಿನ್ ಅಲ್ಲಾಡುವುದನ್ನು ನಿಲ್ಲಿಸಿತು.

ಮಾವ ಎಲೆಯಡಿಕೆ ಚೀಲ ತೆಗೆದ, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಇಟ್ಟುಕೊಂಡ. ಒಂದು ತಿಂಗಳಿಂದ ಆಡದಿದ್ದ ಮಾತು ಆಮೇಲೆ ಬಂತು.

"ಈಗ್ ಹೇಳ್ಲಾ. ನನ್ ಯಾಕೆ ಕರೀಲಿಲ್ಲ?"

"ಮಾವ, ಮೊದ್ಲು ಎಂಜಿನ್..."

"ಎಂಜಿನ್ ಎಲ್ಲೂ ಹೋಗಲ್ಲ, ನಾನ್ ಕುಂತಿದ್ದೀನಿ. ನಾನ್ ಎದ್ರೆ ಹೋಗ್ತದೆ. ಹೇಳು."

"ನಿಂಗೆ ಮಂಡಿ ನೋವು, ತೊಂದ್ರೆ ಯಾಕೆ ಅಂತ..." ಅಂದೆ.

"ಮಂಡಿ ನಂದು. ಕೇಳಿದ್ರೆ ಆಗಲ್ಲ ಅಂತ ನಾನ್ ಹೇಳ್ತಿದ್ದೆ. ನೀನ್ ಕೇಳಿದ್ಯಾ?"

"ಇಲ್ಲ."

"ನಿಮ್ಮಪ್ಪ ನನ್ನ ಎತ್ತೋಕೆ ಕರೀತಿದ್ದ ಅಂದ್ಕೊಂಡ್ಯಾ? ಸರಪಳಿ ಎಳೀತಿದ್ದೋನು ಅವ್ನೇ ಕಣ್ಲಾ. ನಾನು ಮರದ್ ಕೆಳಗೆ ಕುಂತು ಬೈತಿದ್ದೆ. ಬೈಯೋನೊಬ್ಬ ಇಲ್ದಿದ್ರೆ ಎಂಜಿನ್ ನೆಟ್ಟಗೆ ಇಳಿಯಲ್ಲ ಅಂತ ಅವ್ನೇ ಅಂತಿದ್ದ."

ಎಲ್ಲರ ಎದುರಿಗೇ, "ತಪ್ಪಾಯ್ತು ಮಾವ. ಒಬ್ಬನೇ ಸಾಕು ಅಂದಿದ್ದು ತಪ್ಪು. ನಿನ್ನ ಚೈನ್ ಬ್ಲಾಕ್ ನೋಡ್ದೆ ಗುಜರೀಲಿ. ಅದೂ ನನ್ನಿಂದ್ಲೇ ಹೋಯ್ತು" ಅಂದೆ. ಚೈನ್ ಬ್ಲಾಕ್ ಹೆಸರು ಬಂದಾಗ ಅವನು ಎಂಜಿನ್ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. "ಅದ್ ಹೋಯ್ತು ಬುಡು" ಅಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಚಕ್ರ ತರಲು ಎದುರುಮನೆಯಾತ ಕೆಲಮಂಗಲಕ್ಕೆ ಹೋದ. ಭಾನುವಾರ, ಪಂಚರ್ ಅಂಗಡಿಯವನು ಉದ್ದನಪಲ್ಲಿಯಲ್ಲಿ ಯಾರದೋ ಮದುವೆಗೆ ಹೋಗಿದ್ದ. ಊಟದ ಹೊತ್ತಾಯಿತು. ಹೆಂಡತಿ ಮುದ್ದೆ, ಅವರೆಕಾಳು ಸಾರು ತಂದು ಕ್ರೇನಿನ ಮೇಲೆ ಕೂತಿದ್ದವನ ಕೈಗೇ ಕೊಟ್ಟಳು. ಮಾವ ಎರಡು ಮುದ್ದೆ ಉಂಡ. "ಇನ್ನೊಂದ್ ಹಾಕಮ್ಮ, ತೂಕ ಇರ್ಬೇಕು" ಅಂತ ಮೂರನೆಯದೂ ಹಾಕಿಸಿಕೊಂಡ.

ಮೂರು ಗಂಟೆಯಾದರೂ ಚಕ್ರ ಬರಲಿಲ್ಲ. ಮಾವನ ಮಂಡಿ ಮರಗಟ್ಟಿತು. ಅವನು ಹೇಳಲಿಲ್ಲ, ಮುಖದಲ್ಲಿ ಗೊತ್ತಾಗುತ್ತಿತ್ತು. ಏನಾದರೂ ಮಾಡಿ ಅವನನ್ನು ಎಬ್ಬಿಸಬೇಕು ಅಂತ ನಾನು ಎದುರುಮನೆಯ ಕೊಟ್ಟಿಗೆಗೆ ಓಡಿ ಬೂಸಾ ಮೂಟೆ ಹೊತ್ತು ತಂದೆ. ಒಂದು ಮೂಟೆ ಅವನ ಎಡಕ್ಕೆ ಇಟ್ಟೆ, ಇನ್ನೊಂದನ್ನು ಬಲಕ್ಕೆ. ಮಾವ ಸ್ವಲ್ಪ ಎದ್ದು ನೋಡಿದ, ಗಾಲಿ ಅಲ್ಲಾಡಿತು, ಮತ್ತೆ ಕೂತ. ಮೂರನೆಯ ಮೂಟೆ ತಂದು ಅವನು ಕೂತ ಜಾಗಕ್ಕೇ ತುರುಕಿದೆ. ಈ ಸಲ ಅವನು ಪೂರ್ತಿ ಎದ್ದ. ಕ್ರೇನು ಮಿಸುಕಲಿಲ್ಲ.

ಮಾವ ಸೊಂಟ ಹಿಡಿದುಕೊಂಡು ನಿಂತು ಆ ಮೂರು ಮೂಟೆಗಳನ್ನು ನೋಡಿದ. ಹಸು ಎದುರಿನಿಂದ ತನ್ನ ಬೂಸಾವನ್ನೇ ದಿಟ್ಟಿಸುತ್ತಿತ್ತು.

"ಮೊದ್ಲು ಮಿಷಿನ್ ತಂದು ನನ್ ಬುಟ್ಟೆ. ಈಗ ಬೂಸಾ ತಂದು ನನ್ ಎಬ್ಬಿಸ್ದೆ. ಅಲ್ಲ ಕಣ್ಲಾ, ನಾನ್ ನಿಂಗೆ ಯಾವತ್ ಬೇಕಾಗೋದು?"

ಬೀದಿಯವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಹುಣಸೆಮರದ ಕೆಳಗೆ ಅಪ್ಪ ಹಾಕಿಸಿದ್ದ ಕಲ್ಲು ಇತ್ತು, ಅದನ್ನು ಟವೆಲ್ಲಿನಲ್ಲಿ ಒರೆಸಿದೆ. "ಈಗ್ಲೇ ಮಾವ" ಅಂದೆ. "ಬೈಯೋಕೆ."

ಮಾವ ಹೋಗಿ ಕಲ್ಲಿನ ಮೇಲೆ ಕೂತ. ಎಲೆಯಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡ. ಅಂಗಡಿಯವನಿಂದ ಶುರುಮಾಡಿ, ನನ್ನ ಫ್ಯಾಕ್ಟರಿ, ನನ್ನ ಟೇಪು, ಬೀರು, ನಿಂಬೆಹಣ್ಣು, ಒಂದನ್ನೂ ಬಿಡದೆ ಬೈದ. ಕತ್ತಲಾಗುವ ಮುಂಚೆ ಚಕ್ರ ಬಂತು, ಜೀಪು ಹಿಂದಕ್ಕೆ ಹೋಯಿತು, ಪೈಪು ಹಾಕಿದ ತಿರುಪು ಪೈಪು ಹಾಕಿಯೇ ಬಿಚ್ಚಿತು. ಎಂಜಿನ್ ನೆಟ್ಟಗೆ ನೆಲಕ್ಕೆ ಇಳಿದ ಮೇಲೂ ಅವನು ನಿಲ್ಲಿಸಲಿಲ್ಲ. ಇನ್ನು ಸಾಕು ಅಂತ ನಾನೂ ಹೇಳಲಿಲ್ಲ.